ವಿರೋಧಿ ಸಂವತ್ಸರದ ಪಂಚಾಂಗ

ಮನೆ ಬದಲಾಯಿಸುವುದರಲ್ಲಿ ಒಂದೇ ಒಂದು ಸುಖ ಇದೆ. ಎಂದೋ ಕಳೆದುಹೋಯಿತು ಅಂದುಕೊಂಡಿದ್ದು ಸಿಗುತ್ತದೆ. ಮೊನ್ನೆ ಹಳೇ ಪುಸ್ತಕಗಳ ಡಬ್ಬ ಬಿಚ್ಚಿದಾಗ ನನಗೆ ಸಿಕ್ಕಿದ್ದು ನಾಲ್ಕು ಮಡಿಕೆಯ ಒಂದು ಗೆರೆ ಹಾಳೆ. ಮೂಲೆಯಲ್ಲಿ ಟೀ ಲೋಟದ ಉರುಟು ಕಲೆ. ಮೇಲೆ ದಪ್ಪಕ್ಷರದಲ್ಲಿ "ಪಂಚಾಂಗ 2009" ಅಂತ ಬರೆದಿದೆ. ಕೆಳಗೆ ರಾಜ, ಮಂತ್ರಿ, ಸೇನಾಧಿಪತಿ...

ಗಾಬರಿಯಾಗಬೇಡಿ, ನಾನು ಜ್ಯೋತಿಷ್ಯ ಶುರು ಮಾಡಿಲ್ಲ :-) ಇದು ಫಾರ್ಮುಲಾ 1 ಪಂಚಾಂಗ. ಆಗ ನಾವು ಮೂವರು ಬೆಂಗಳೂರಿನ ವಿಜಯನಗರದಲ್ಲಿ ಮಹಡಿ ಮೇಲಿನ ಒಂದು ರೂಮಿನಲ್ಲಿದ್ದೆವು. ನಾನು ಹಾಸನದವನು, ಫೆರಾರಿ ಭಕ್ತ. ಇನ್ನೊಬ್ಬ ಮಂಗಳೂರಿನವ, ಮೆಕ್‌ಲಾರೆನ್ ಪಕ್ಷ. ಮೂರನೆಯವನು ದಾವಣಗೆರೆಯವ, ಅವನಿಗೆ ಬಿಎಂಡಬ್ಲ್ಯು. ರೇಸ್ ಸೀಸನ್ ಶುರುವಾಗುವುದು ಮಾರ್ಚ್‌ನಲ್ಲಿ, ಹೆಚ್ಚುಕಮ್ಮಿ ಯುಗಾದಿಯ ಹೊತ್ತಿಗೆ. ಹಾಗಾಗಿ ವರ್ಷ ಶುರುವಾಗುವ ಮುಂಚೆ ಪಂಚಾಂಗ ಶ್ರವಣ ಆಗಲೇಬೇಕು ಅನ್ನೋದು ನಮ್ಮ ರೂಮಿನ ಸಂಪ್ರದಾಯ. ಯಾವ ತಂಡ ರಾಜ, ಯಾವುದು ಮಂತ್ರಿ, ಯಾರಿಗೆ ಆಯ ಹೆಚ್ಚು, ಯಾರಿಗೆ ವ್ಯಯ ಹೆಚ್ಚು. ಮೂರು ಕಾಲಂ, ಮೂವರ ಭವಿಷ್ಯ. ಎಲ್ಲರಿಗಿಂತ ಹೆಚ್ಚು ತಪ್ಪಿದವನು ವರ್ಷದ ಕೊನೆಗೆ ಉಳಿದಿಬ್ಬರಿಗೆ ಮಲ್ಲೇಶ್ವರದಲ್ಲಿ ಬೆಣ್ಣೆ ಮಸಾಲೆ ದೋಸೆ ಕೊಡಿಸಬೇಕು.

ಆ ಹಾಳೆಯ ಕೊನೇ ಸಾಲಿನಲ್ಲಿ "ಹೋಂಡಾ" ಅಂತ ಬರೆದಿತ್ತು. ನನ್ನ ಕಾಲಂನಲ್ಲಿ ಅದರ ಮೇಲೆ ಅಡ್ಡ ಗೀಟು. ಮಂಗಳೂರಿನವನ ಕಾಲಂನಲ್ಲೂ ಗೀಟು. ದಾವಣಗೆರೆಯವನ ಕಾಲಂನಲ್ಲಿ ಮಾತ್ರ ಗೀಟಿಲ್ಲ, ಅಂಕಿಯೂ ಇಲ್ಲ. ಬರೀ ಖಾಲಿ ಜಾಗ. ಆ ಖಾಲಿ ಜಾಗದ ಕತೆ ಹೇಳೋಣ ಅಂತಲೇ ಈ ಬರಹ.

ಒಂದು ಕಾರ್ಖಾನೆಯ ಜಾತಕ

ಇಂಗ್ಲೆಂಡಿನಲ್ಲಿ ಸಿಲ್ವರ್‌ಸ್ಟೋನ್ ಟ್ರ್ಯಾಕಿಗೆ ಹತ್ತಿರದಲ್ಲಿ ಬ್ರಾಕ್ಲಿ ಅಂತ ಒಂದು ಪುಟ್ಟ ಊರು. ಅಲ್ಲಿ ಒಂದು ರೇಸ್ ಕಾರಿನ ಕಾರ್ಖಾನೆ. ಬಾಗಿಲ ಮೇಲಿನ ಬೋರ್ಡು ಬದಲಾಗುತ್ತಾ ಹೋಗಿದೆ, ಆದರೆ ಕಾರ್ಖಾನೆ ಅದೇ. ಸೀಸನ್‌ಗೆ ಮುಂಚಿನ ಭವಿಷ್ಯವಾಣಿಗಳು ಹೇಗೆ ಮಣ್ಣು ಮುಕ್ಕುತ್ತವೆ ಅಂತ ತಿಳಿಯೋಕೆ ಈ ಒಂದು ಕಾರ್ಖಾನೆಯ ಇತಿಹಾಸ ಸಾಕು.

ಮೊದಲ ಬೋರ್ಡು ಬ್ರಿಟಿಷ್ ಅಮೆರಿಕನ್ ರೇಸಿಂಗ್, ಅಂದರೆ ಬಿಎಆರ್. ಸಿಗರೇಟು ಕಂಪನಿಯ ದುಡ್ಡು, ಹಳೇ ಟಿರೆಲ್ ತಂಡವನ್ನು ಕೊಂಡು ಪಡೆದ ಜಾಗ, 1997ರ ಚಾಂಪಿಯನ್ ಜಾಕ್ ವಿಲ್ನೆವ್ ಚಾಲಕ. ರೆನಾರ್ಡ್ ಕಂಪನಿಯ ಕಾರುಗಳು ಬೇರೆ ಬೇರೆ ದರ್ಜೆಯ ರೇಸುಗಳಲ್ಲಿ ಕಾಲಿಟ್ಟ ಮೊದಲ ಸಲವೇ ಗೆದ್ದ ದಾಖಲೆ ಇತ್ತು. ಅದೇ ಹುರುಪಿನಲ್ಲಿ 1999ಕ್ಕೆ ಮುಂಚೆ ತಂಡದವರು ನಾವು ಮೊದಲ ರೇಸನ್ನೇ ಗೆಲ್ಲಲು ಬರುತ್ತಿದ್ದೇವೆ ಅಂದರು. ಅಭಿಮಾನಿಗಳಲ್ಲೂ ನಂಬಿದವರಿದ್ದರು. ಹಣ ಇದೆ, ಚಾಂಪಿಯನ್ ಇದ್ದಾನೆ, ಇನ್ನೇನು ಬೇಕು?

ಮೆಲ್ಬರ್ನ್‌ನ ಮೊದಲ ರೇಸಿನಲ್ಲಿ ವಿಲ್ನೆವ್ ಕಾರಿನ ಹಿಂದಿನ ರೆಕ್ಕೆ ಕೈಕೊಟ್ಟು ಕಾರು ಗೋಡೆಗೆ ಹೋಯಿತು. ಆಮೇಲೆ ಅವನು ಸತತವಾಗಿ ಮೊದಲ 11 ರೇಸುಗಳಲ್ಲಿ ಒಂದನ್ನೂ ಮುಗಿಸಲಿಲ್ಲ. ಇಡೀ ವರ್ಷ 16 ರೇಸು, ಅಂಕ ಸೊನ್ನೆ. ಬಡ ಮಿನಾರ್ಡಿ ಕೂಡ ಒಂದು ಅಂಕ ಗಳಿಸಿತ್ತು ಆ ವರ್ಷ!

2004ರಲ್ಲಿ ಇದೇ ತಂಡ ತಂಡಗಳ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತು. 2006ರಿಂದ ಬೋರ್ಡು ಹೋಂಡಾ ಅಂತಾಯಿತು. ಆ ವರ್ಷ ಹಂಗೇರಿಯಲ್ಲಿ ಜೆನ್ಸನ್ ಬಟನ್ ತನ್ನ ಮೊದಲ ರೇಸ್ ಗೆದ್ದ. ಸರಿ, ಇನ್ನು ಇವರದ್ದೇ ಕಾಲ ಅಂದುಕೊಂಡರು ಜನ. 2007ರಲ್ಲಿ ಬಂದದ್ದು 6 ಅಂಕ. 2008ರಲ್ಲಿ 14 ಅಂಕ, ಒಂಬತ್ತನೇ ಸ್ಥಾನ. ಅಷ್ಟರಲ್ಲಿ ಜಗತ್ತಿನ ಅರ್ಥವ್ಯವಸ್ಥೆ ಕುಸಿದಿತ್ತು. 2008ರ ಡಿಸೆಂಬರ್ 5ರಂದು ಹೋಂಡಾ ಕಂಪನಿ ನಮಗೆ ರೇಸಿಂಗ್ ಸಾಕು ಅಂತ ಘೋಷಿಸಿಬಿಟ್ಟಿತು. ಬ್ರಾಕ್ಲಿಯಲ್ಲಿ ಕೆಲಸಕ್ಕಿದ್ದವರು ಸುಮಾರು 700 ಮಂದಿ.

ನಮ್ಮ ರೂಮಿನ ಚಳಿಗಾಲ

ಆ ಚಳಿಗಾಲ ಬೆಂಗಳೂರಲ್ಲಿ ಇದ್ದವರಿಗೆ ನೆನಪಿರಬೇಕು. ಬೆಂಚು, ಪಿಂಕ್ ಸ್ಲಿಪ್ಪು, ಈ ಮಾತುಗಳೇ. ಜನವರಿಯ ಒಂದು ಶುಕ್ರವಾರ ನಮ್ಮ ದಾವಣಗೆರೆ ಗೆಳೆಯನನ್ನೂ ಕರೆದು, ಕಾಫಿ ಕೊಟ್ಟು, ಲ್ಯಾಪ್‌ಟಾಪ್ ವಾಪಸ್ ತಗೊಂಡು ಕಳಿಸಿದರು. ಊರಿಗೆ ಅವನು ಹೇಳಲಿಲ್ಲ. ತಂಗಿಯ ಮದುವೆ ಮಾತುಕತೆ ನಡೆಯುತ್ತಿತ್ತು. ಪ್ರತಿ ಭಾನುವಾರ ಅಮ್ಮ ಫೋನ್ ಮಾಡಿದಾಗ "ಹೂಂ ಅವ್ವಾ, ಆಫೀಸು ಆರಾಮೈತಿ" ಅನ್ನುತ್ತಿದ್ದ. ನಾವಿಬ್ಬರು ಆಗ ಟಿವಿ ಸದ್ದು ಕಮ್ಮಿ ಮಾಡಿ ಕೂರುತ್ತಿದ್ದೆವು.

ಫೆಬ್ರವರಿಯಲ್ಲಿ ಪಂಚಾಂಗ ಬರೆಯಲು ಕೂತೆವು. ನನ್ನ ಲೆಕ್ಕ ಸುಲಭ. ಹಿಂದಿನ ವರ್ಷದ ಪಟ್ಟಿ ಎದುರಿಗಿಟ್ಟುಕೊಂಡು ಸ್ವಲ್ಪ ಆಚೀಚೆ ಮಾಡುವುದು. ರಾಜ ಫೆರಾರಿ. ಯಾಕಂದ್ರೆ 2008ರ ಕೊನೇ ರೇಸಿನ ಕೊನೇ ತಿರುವಿನಲ್ಲಿ ಹ್ಯಾಮಿಲ್ಟನ್ ಗ್ಲಾಕ್‌ನನ್ನು ದಾಟಿ, ಮಾಸಾನಿಂದ ಒಂದೇ ಒಂದು ಅಂಕದಲ್ಲಿ ಚಾಂಪಿಯನ್‌ಶಿಪ್ ಕಸಿದುಕೊಂಡಿದ್ದ. ಆ ಹೊಟ್ಟೆಯುರಿ ನನಗೆ ಇನ್ನೂ ಆರಿರಲಿಲ್ಲ! ಮಂತ್ರಿ ಮೆಕ್‌ಲಾರೆನ್. ಮಂಗಳೂರಿನವ ಅವೆರಡನ್ನು ತಿರುಗಿಸಿ ಬರೆದ. ದಾವಣಗೆರೆಯವ ರಾಜನ ಜಾಗದಲ್ಲಿ ಬಿಎಂಡಬ್ಲ್ಯು ಬರೆದ. ಅವನದ್ದೂ ಹುಚ್ಚು ಲೆಕ್ಕವಲ್ಲ. ಬಿಎಂಡಬ್ಲ್ಯು 2008ರಲ್ಲಿ ಮೂರನೆಯದಾಗಿತ್ತು, ಕೆನಡಾದಲ್ಲಿ ಕುಬಿಟ್ಸಾ ಗೆದ್ದಿದ್ದ, ಆಮೇಲೆ 2009ರ ಕಾರಿಗಾಗಿ ಅಂತ ಆ ವರ್ಷದ ಕಾರಿನ ಕೆಲಸ ನಿಧಾನ ಮಾಡಿದ್ದರು. ನಮ್ಮ ವಿಜಯ್ ಮಲ್ಯರ ಫೋರ್ಸ್ ಇಂಡಿಯಾವನ್ನು ಮೂವರೂ ಕೊನೆಗಿಟ್ಟೆವು. ಊರಭಿಮಾನ ಬೇರೆ, ಲೆಕ್ಕ ಬೇರೆ. 2008ರಲ್ಲಿ ಅವರದು ಸೊನ್ನೆ ಅಂಕ.

ಕೊನೆಗೆ ಹೋಂಡಾ. ತಂಡವೇ ಇಲ್ಲವಲ್ಲ, ನಾನು ಗೀಟು ಎಳೆದೆ. ಮಂಗಳೂರಿನವನೂ ಎಳೆದ. ದಾವಣಗೆರೆಯವನ ಕಾಲಂಗೂ ನಾನೇ ಪೆನ್ನು ತಂದಾಗ ಅವನು ಕೈ ಅಡ್ಡ ಹಿಡಿದ.

"ಲೇ, ಯಾಕ್ ಹೊಡೀತೀಯೋ ಅದನ್ನ? ಕಾರು ಅಲ್ಲೇ ಐತಿ. ಮಾಡೋ ಮಂದಿ ಅಲ್ಲೇ ಅದಾರ. ರೊಕ್ಕ ಕೊಡೋನು ಎದ್ದು ಹೋದ, ಅಷ್ಟ. ಖಾಲಿ ಬಿಡು."

ಖಾಲಿ ಬಿಟ್ಟೆ. ಏನೂ ಮಾತಾಡಲಿಲ್ಲ.

ಒಂದು ಪೌಂಡಿನ ತಂಡ

ಆ ಹೊತ್ತಿಗೆ ಬ್ರಾಕ್ಲಿಯಲ್ಲಿ ನಡೆಯುತ್ತಿದ್ದದ್ದು ನಮಗೆ ಗೊತ್ತಾಗಿದ್ದು ಆಮೇಲೆ. ಬೆನೆಟನ್ ಮತ್ತು ಫೆರಾರಿಯಲ್ಲಿ ಶೂಮಾಕರ್ ಜೊತೆ ಗೆದ್ದ ರಾಸ್ ಬ್ರಾನ್ ಹೋಂಡಾಕ್ಕೆ ಮುಖ್ಯಸ್ಥನಾಗಿ ಬಂದಿದ್ದು 2007ರ ಕೊನೆಗೆ. 2008ರ ಕಾರು ಉದ್ಧಾರವಾಗುವುದಿಲ್ಲ ಅಂತ ಬೇಗನೇ ತೀರ್ಮಾನಿಸಿ, ಇಡೀ ಬಲವನ್ನು 2009ರ ಕಾರಿಗೆ ತಿರುಗಿಸಿದ್ದ. ಯಾಕೆಂದರೆ 2009ಕ್ಕೆ ನಿಯಮಗಳೇ ಪೂರ್ತಿ ಬದಲಾಗುತ್ತಿದ್ದವು. ಮುಂದಿನ ರೆಕ್ಕೆ ಅಗಲ, ಹಿಂದಿನದು ಕಿರಿದು, ಗೀರಿಲ್ಲದ ನುಣುಪು ಟೈರು, ಬ್ರೇಕಿನ ಶಕ್ತಿಯನ್ನು ಉಳಿಸಿ ಮತ್ತೆ ಬಳಸುವ ಕರ್ಸ್ ಯಂತ್ರ. ಎಲ್ಲರೂ ಸ್ಲೇಟು ಒರೆಸಿ ಮೊದಲಿಂದ ಬರೆಯಬೇಕು. ಹಿಂದಿನ ವರ್ಷದ ಪಟ್ಟಿ ನೋಡಿ ಭವಿಷ್ಯ ಹೇಳುವವರು ಮೋಸ ಹೋಗುವುದು ಇಂಥ ವರ್ಷದಲ್ಲೇ.

ಕಾರಿನ ಹಿಂಭಾಗದ ಅಡಿಯಲ್ಲಿ ಡಿಫ್ಯೂಸರ್ ಅಂತ ಒಂದು ಭಾಗ ಇರುತ್ತದೆ, ಮೇಲಕ್ಕೆ ಓರೆಯಾಗಿ ಅಗಲವಾಗುವ ಗವಿಯಂತೆ. ಕಾರಿನಡಿ ನುಗ್ಗುವ ಗಾಳಿ ಅದರಿಂದ ಹೊರಹೋಗುವಾಗ ಅಡಿಯಲ್ಲಿ ಒತ್ತಡ ಕಮ್ಮಿಯಾಗಿ ಕಾರು ನೆಲಕ್ಕೆ ಕಚ್ಚಿಕೊಳ್ಳುತ್ತದೆ. 2009ರ ನಿಯಮ ಅದನ್ನು ಚಿಕ್ಕದು ಮಾಡಿತು. ಆದರೆ ನಿಯಮದ ಅಕ್ಷರಗಳ ನಡುವಿನ ಸಂದಿ ಹುಡುಕಿ, ಮೇಲೆ ಇನ್ನೊಂದು ಅಂತಸ್ತು ಕಟ್ಟಬಹುದು ಅಂತ ಮೂರು ತಂಡಗಳು ಕಂಡುಕೊಂಡವು: ಹೋಂಡಾ, ಟೊಯೋಟಾ, ವಿಲಿಯಮ್ಸ್. 2008ರಲ್ಲೇ ಬ್ರಾನ್ ಉಳಿದ ತಂಡಗಳಿಗೆ ಈ ನಿಯಮಗಳು ನೀವು ಅಂದುಕೊಂಡಷ್ಟು ವೇಗ ಕಮ್ಮಿ ಮಾಡುವುದಿಲ್ಲ, ಬೇಕಾದರೆ ಬಿಗಿ ಮಾಡೋಣ ಅಂದಿದ್ದನಂತೆ. ಆ ವರ್ಷ ಸೋಲುತ್ತಿದ್ದ ತಂಡದವನ ಮಾತು, ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ?

2009ರ ಮಾರ್ಚ್ 6. ಬ್ರಾನ್ ಮತ್ತು ಸಂಗಡಿಗರು ತಂಡವನ್ನು ಹೋಂಡಾದಿಂದ ಕೊಂಡುಕೊಂಡರು, ಬೆಲೆ ಒಂದು ಪೌಂಡ್. ಬಟನ್ ಅದೇ ದಿನ ಸಿಲ್ವರ್‌ಸ್ಟೋನ್‌ನಲ್ಲಿ ಹೊಸ ಕಾರನ್ನು ಓಡಿಸಿದ. ಹೋಂಡಾ ಎಂಜಿನ್ ಇಲ್ಲದ್ದರಿಂದ ಮರ್ಸಿಡಿಸ್ ಎಂಜಿನ್ನಿಗೆ ಜಾಗ ಮಾಡಲು ಕಾರಿನ ಚೌಕಟ್ಟನ್ನೇ ತಿದ್ದಿದ್ದರು. ಬಿಳಿ ಬಣ್ಣ, ಜಾಹೀರಾತುಗಳಿಲ್ಲದ ಬೋಳು ಮೈ. ಕೆಲವೇ ದಿನಗಳಲ್ಲಿ ಬಾರ್ಸಿಲೋನಾ ಟೆಸ್ಟಿಂಗ್‌ನಲ್ಲಿ ಆ ಬೋಳು ಕಾರು ಎಲ್ಲರಿಗಿಂತ ಮುಂದೆ ಓಡಿತು.

ಇತಿಹಾಸ ಗೊತ್ತಿದ್ದವನ ಪೆದ್ದುತನ

ಈಗ ನನ್ನ ಪಾಂಡಿತ್ಯದ ಕತೆ ಕೇಳಿ.

ಟೆಸ್ಟಿಂಗ್ ಸಮಯಗಳನ್ನು ನಂಬಬಾರದು ಅನ್ನುವುದಕ್ಕೆ ಕಾರಣಗಳಿವೆ. ಕಾರಲ್ಲಿ ಎಷ್ಟು ಪೆಟ್ರೋಲ್ ಇದೆ ಅಂತ ಹೊರಗಿನವರಿಗೆ ಗೊತ್ತಿರುವುದಿಲ್ಲ. 10 ಕಿಲೋ ಹೆಚ್ಚಿದ್ದರೆ ಒಂದು ಸುತ್ತಿಗೆ ಸುಮಾರು 0.3 ಸೆಕೆಂಡ್ ನಿಧಾನ. ದೊಡ್ಡ ತಂಡಗಳು ಬೇಕಂತಲೇ ಹೊರೆ ತುಂಬಿಸಿ ಶಕ್ತಿ ಬಚ್ಚಿಡುತ್ತವೆ. ದುಡ್ಡಿಲ್ಲದ ತಂಡಗಳು ಟ್ಯಾಂಕ್ ಖಾಲಿ ಮಾಡಿ, ಹೊಸ ಟೈರ್ ಹಾಕಿ, ಒಂದು ಸುತ್ತು ಹಾರಿಸಿ ಪೇಪರಿನಲ್ಲಿ ಹೆಸರು ಬರಿಸಿಕೊಳ್ಳುತ್ತವೆ. ಪ್ರಾಯೋಜಕರು ಸಿಗಲಿ ಅಂತ. 2001ರ ಚಳಿಗಾಲದಲ್ಲಿ ಅಲೆನ್ ಪ್ರಾಸ್ಟ್‌ನ ತಂಡ ಟೆಸ್ಟಿಂಗ್‌ನಲ್ಲಿ ಮಿಂಚಿತ್ತು. ಆ ವರ್ಷ ಬಂದದ್ದು ಬರೀ 4 ಅಂಕ. 2002ರ ಜನವರಿಯಲ್ಲಿ ತಂಡವೇ ಮುಚ್ಚಿಹೋಯಿತು.

ಇದನ್ನೆಲ್ಲ ಗೆಳೆಯನಿಗೆ ಉಪನ್ಯಾಸದಂತೆ ಹೇಳಿದೆ. "ನೋಡು ಗುರು, ಇದು ಪ್ರಾಸ್ಟ್ ಕತೆಯೇ. ಸ್ಟಿಕ್ಕರ್ ಇಲ್ಲದ ಕಾರು, ಸ್ಪಾನ್ಸರ್ ಬೇಕು, ನಾಟಕ ಆಡ್ತಿದ್ದಾರೆ." ಅವನು ತಲೆಯಾಡಿಸಿದ, ಅಷ್ಟೇ. ಅವನ ಮುಂದೆ ಆವತ್ತು ಇಂಟರ್‌ವ್ಯೂಗೆ ಹೊರಡಲು ಇಸ್ತ್ರಿ ಮಾಡಿದ ಶರ್ಟು ಇತ್ತು. ಅವನನ್ನು ಎದುರಿಗೆ ಕೂರಿಸಿಕೊಂಡು, ಕೆಲಸ ಹೋದವರು ಹೊಳೆದರೆ ಅದು ನಾಟಕ ಅನ್ನುತ್ತಿದ್ದೆ ನಾನು. ಆಗ ಅದು ಹೊಳೆಯಲೇ ಇಲ್ಲ.

ನನ್ನ ಉದಾಹರಣೆ ತಪ್ಪಲ್ಲ. ಹೋಲಿಕೆ ತಪ್ಪು. ಪ್ರಾಸ್ಟ್ ತಂಡ ಖಾಲಿ ಕೈಯಲ್ಲಿ ಚಳಿಗಾಲ ಕಳೆದಿತ್ತು. ಬ್ರಾಕ್ಲಿಯವರ ಹಿಂದೆ ಹೋಂಡಾದ ದುಡ್ಡಿನಲ್ಲಿ ತಿಂಗಳುಗಟ್ಟಲೆ ಮಾಡಿದ ಕೆಲಸ ಇತ್ತು. ಹೊರಗಿಂದ ನೋಡಿದರೆ ಎರಡೂ ಬೋಳು ಕಾರುಗಳೇ.

ಹೋಳಿಗೆ ಮತ್ತು ಮೆಲ್ಬರ್ನ್

ಆ ಸಲ ಯುಗಾದಿ ಮಾರ್ಚ್ 27, ಶುಕ್ರವಾರ. ಶುರುವಾಗಿದ್ದು ವಿರೋಧಿ ನಾಮ ಸಂವತ್ಸರ. ದಾವಣಗೆರೆಯವ ಊರಿಗೆ ಹೋಗಲಿಲ್ಲ. ಹೋದರೆ ಕೆಲಸದ ಬಗ್ಗೆ ಕೇಳುತ್ತಾರಲ್ಲ. ನಾನು ಹಾಸನಕ್ಕೆ ಹೋಗಿ ಶನಿವಾರ ರಾತ್ರಿಯ ಬಸ್ಸಿಗೆ ವಾಪಸ್ ಬಂದೆ, ಅಮ್ಮ ಕಟ್ಟಿಕೊಟ್ಟ ಹೋಳಿಗೆ ಡಬ್ಬದ ಸಮೇತ. ಭಾನುವಾರ ಹನ್ನೊಂದೂವರೆಗೆ ರೇಸು. ಇಬ್ಬರೂ ಸೆಕೆಂಡ್‌ಹ್ಯಾಂಡ್ ಟಿವಿ ಮುಂದೆ ಹೋಳಿಗೆ ಹಿಡಿದು ಕೂತೆವು.

ಬಟನ್ ಮೊದಲ ಸ್ಥಾನದಿಂದ ಹೊರಟವನು ಮತ್ತೆ ಹಿಂದಿರುಗಿ ನೋಡಲಿಲ್ಲ. ಇನ್ನು ಮೂರು ಸುತ್ತು ಇರುವಾಗ ಎರಡನೇ ಸ್ಥಾನಕ್ಕಾಗಿ ವೆಟೆಲ್ ಮತ್ತು ಕುಬಿಟ್ಸಾ ಡಿಕ್ಕಿ ಹೊಡೆದುಕೊಂಡರು, ಬಾರಿಕೆಲ್ಲೊ ಎರಡನೆಯವನಾದ. ಹೊಸ ಹೆಸರಿನ ತಂಡ, ಮೊದಲ ರೇಸು, ಮೊದಲೆರಡು ಸ್ಥಾನ. ಕಾಲಿಟ್ಟ ಮೊದಲ ರೇಸಲ್ಲೇ ಹೀಗೆ ಮೊದಲೆರಡು ಸ್ಥಾನ ಪಡೆದದ್ದು ಅದಕ್ಕೂ ಹಿಂದೆ 1954ರಲ್ಲಿ, ಫ್ರಾನ್ಸಿನ ರ‍್ಯಾನ್ಸ್‌ನಲ್ಲಿ, ಫಾಂಜಿಯೋ ಕಾಲದ ಮರ್ಸಿಡಿಸ್. 1999ರಲ್ಲಿ ಇದೇ ಬ್ರಾಕ್ಲಿಯವರು ಮಾಡುತ್ತೇವೆ ಅಂತ ಹೇಳಿ ಮಾಡದೇ ಹೋದದ್ದು, ಹತ್ತು ವರ್ಷದ ನಂತರ ಅದೇ ಮೆಲ್ಬರ್ನ್‌ನಲ್ಲಿ, ಯಾವ ಘೋಷಣೆಯೂ ಇಲ್ಲದೆ ಆಯಿತು.

ಗೆಳೆಯ ಕುಣಿಯುತ್ತಾನೆ ಅಂದುಕೊಂಡಿದ್ದೆ. ಅವನು ಎದ್ದು ಕೈತೊಳೆದು ಬಂದು, ಇನ್ನೊಂದು ಹೋಳಿಗೆ ತೆಗೆದುಕೊಂಡ. "ಈಗ್ಲಾದ್ರೂ ಅವರನ್ನ ಇಟ್ಕೊತಾರೇನೋ" ಅಂದ. ಕೆಲವೇ ದಿನಗಳಲ್ಲಿ ಸುದ್ದಿ ಬಂತು. ಗೆದ್ದ ತಂಡವೇ ವೆಚ್ಚ ಕಮ್ಮಿ ಮಾಡಲು ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಕೆಲಸದಿಂದ ತೆಗೆಯಬೇಕಾಗಿ ಬಂದಿತ್ತು. ಆ ಕಾರನ್ನು ಮಾಡಿದ ಕೈಗಳೇ ಅವು. ಅದನ್ನು ಓದಿ ಅವನು ಪೇಪರ್ ಮಡಚಿಟ್ಟ. ಎಲ್ಲರೂ ಹೇಳುವ ಬ್ರಾನ್ ಕತೆಯಲ್ಲಿ ಈ ಭಾಗ ಸಾಮಾನ್ಯವಾಗಿ ಇರುವುದಿಲ್ಲ. ನನಗೆ ಅವನಿಂದಾಗಿ ನೆನಪಿದೆ.

ಮುಂದಿನದು ನಿಮಗೆ ಗೊತ್ತು. ಎರಡಂತಸ್ತಿನ ಡಿಫ್ಯೂಸರ್ ಮೇಲೆ ಎದುರಾಳಿಗಳು ದೂರು ಕೊಟ್ಟರು, ಏಪ್ರಿಲ್ 15ರಂದು ಮೇಲ್ಮನವಿ ನ್ಯಾಯಾಲಯ ಅದು ನಿಯಮಬದ್ಧ ಅಂತ ತೀರ್ಪು ಕೊಟ್ಟಿತು. ಬಟನ್ ಮೊದಲ ಏಳು ರೇಸುಗಳಲ್ಲಿ ಆರನ್ನು ಗೆದ್ದ. ಆಮೇಲೆ ದುಡ್ಡೂ ಕಮ್ಮಿ, ರೆಡ್‌ಬುಲ್ ಬೆನ್ನಟ್ಟಿತು, ಆದರೂ ಅಕ್ಟೋಬರ್ 18ರಂದು, ನಮ್ಮಲ್ಲಿ ದೀಪಾವಳಿ ಪಟಾಕಿ ಸಿಡಿಯುತ್ತಿದ್ದ ರಾತ್ರಿ, ಬ್ರೆಜಿಲ್‌ನಲ್ಲಿ ಎರಡೂ ಚಾಂಪಿಯನ್‌ಶಿಪ್ ಬ್ರಾನ್ ತಂಡದ ಪಾಲಾದವು.

ಹಾಳೆಯ ಲೆಕ್ಕ

ಈಗ ಹಾಳೆ ಎದುರಿಗಿಟ್ಟುಕೊಂಡು ಲೆಕ್ಕ ಹಾಕಿದೆ. ನನ್ನ ರಾಜ ಫೆರಾರಿ ನಾಲ್ಕನೇ ಸ್ಥಾನ, ಇಡೀ ವರ್ಷ ಒಂದೇ ಗೆಲುವು. ಮಂತ್ರಿ ಮೆಕ್‌ಲಾರೆನ್ ಮೂರನೇ ಸ್ಥಾನ. ನಾನು ಏಳನೆಯದಾಗಿ ಬರೆದಿದ್ದ ರೆಡ್‌ಬುಲ್ ಎರಡನೆಯದು. ಗೆಳೆಯನ ಬಿಎಂಡಬ್ಲ್ಯು ಆರನೆಯದಾಗಿ, ಜುಲೈನಲ್ಲೇ ನಾವೂ ಹೊರಟೆವು ಅಂದುಬಿಟ್ಟಿತು. ನನ್ನದು ಸರಿಯಾಗಿದ್ದು ಎರಡೇ: ಟೊಯೋಟಾ ಐದು, ಫೋರ್ಸ್ ಇಂಡಿಯಾ ಒಂಬತ್ತು. ಆ ಒಂಬತ್ತು ಕೂಡ ಹೋಂಡಾ ಹೊಡೆದುಹಾಕಿದ್ದರಿಂದ ಒಂಬತ್ತೇ ತಂಡ ಉಳಿದು ಬಂದ ಅಂಕಿ, ಅಂದರೆ ತಪ್ಪು ಲೆಕ್ಕಕ್ಕೆ ಸರಿ ಉತ್ತರ :-) ಕೊನೇ ಸ್ಥಾನಕ್ಕೆ ಬಿದ್ದಿದ್ದು ಟೊರೊ ರೊಸ್ಸೊ. ಆ ಆಗಸ್ಟ್‌ನಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಫೋರ್ಸ್ ಇಂಡಿಯಾದ ಫಿಸಿಕೆಲ್ಲಾ ಮೊದಲ ಸ್ಥಾನದಿಂದ ಹೊರಟು ಎರಡನೆಯವನಾಗಿ ಮುಗಿಸಿ, ತಂಡದ ಮೊದಲ ಅಂಕಗಳನ್ನು ತಂದಾಗ ನಮ್ಮ ರೂಮಿನ ಕೂಗಾಟಕ್ಕೆ ಕೆಳಗಿನ ಮನೆ ಆಂಟಿ ಮೇಲೆ ಬಂದಿದ್ದರು. ಗೆದ್ದವನು ನನ್ನ ಫೆರಾರಿಯ ರೈಕೋನೆನ್. ಖುಷಿ ಪಡಬೇಕೋ ಬೇಡವೋ ಗೊತ್ತಾಗದ ಏಕೈಕ ರೇಸು ಅದು.

ಲೆಕ್ಕದ ಪ್ರಕಾರ ದೋಸೆ ಕೊಡಿಸಬೇಕಾದವನು ದಾವಣಗೆರೆಯವನೇ. ಕೊಡಿಸಿದ ಕೂಡ. ಸೆಪ್ಟೆಂಬರ್‌ನಲ್ಲಿ ಅವನಿಗೆ ಬೇರೆ ಕೆಲಸ ಸಿಕ್ಕಿತ್ತು, ಮೊದಲಿಗಿಂತ ಕಮ್ಮಿ ಸಂಬಳಕ್ಕೆ. ಖಾಲಿ ಬಿಟ್ಟ ಸಾಲಿಗೆ ಅಂಕ ಕೊಡಬೇಕು ಅಂತ ನಾನು ವಾದಿಸಿದೆ. ಅವನೇ ಒಪ್ಪಲಿಲ್ಲ. "ನಾನೇನ್ ಗೆಲ್ತಾರ ಅಂತ ಬರದಿದ್ನಾ? ಹೊಡೀಬ್ಯಾಡ ಅಂದಿದ್ದೆ, ಅಷ್ಟ."

ಆಮೇಲೆ

ಬ್ರಾಕ್ಲಿಯ ಕತೆ ಅಲ್ಲಿಗೆ ಮುಗಿಯಲಿಲ್ಲ. 2009ರ ನವೆಂಬರ್‌ನಲ್ಲಿ ಮರ್ಸಿಡಿಸ್ ತಂಡದ ಬಹುಪಾಲನ್ನು ಕೊಂಡಿತು. ಶೂಮಾಕರ್ ವಾಪಸ್ ಬಂದಾಗ ಇನ್ನೇನು ರಾಜ್ಯಭಾರ ಅಂದರು ಅಭಿಮಾನಿಗಳು. 2010, 2011ರಲ್ಲಿ ಒಂದೂ ಗೆಲುವಿಲ್ಲ, 2012ರಲ್ಲಿ ಒಂದು. ಹ್ಯಾಮಿಲ್ಟನ್ ಮೆಕ್‌ಲಾರೆನ್ ಬಿಟ್ಟು ಅಲ್ಲಿಗೆ ಹೋಗುತ್ತೇನೆ ಅಂದಾಗ ನಮ್ಮ ಮಂಗಳೂರಿನವ "ಮಾರಾಯ, ಇವನ ಕತೆ ಮುಗೀತು" ಅಂದ. 2014ಕ್ಕೆ ನಿಯಮ ಬದಲಾಯಿತು, ಮರ್ಸಿಡಿಸ್ 19 ರೇಸುಗಳಲ್ಲಿ 16 ಗೆದ್ದಿತು. ಅಲ್ಲಿಂದ 2021ರವರೆಗೆ ಸತತ ಎಂಟು ವರ್ಷ ತಂಡಗಳ ಚಾಂಪಿಯನ್. ಒಂದು ಪೌಂಡಿಗೆ ಕೈಬದಲಾದ ತಂಡ!

2022ಕ್ಕೆ ಮತ್ತೆ ನಿಯಮ ಬದಲು. ಟೆಸ್ಟಿಂಗ್‌ನಲ್ಲಿ ಮರ್ಸಿಡಿಸ್ ಕಾರು ಕುದುರೆಯಂತೆ ಪುಟಿಯುತ್ತಿತ್ತು. ನಾವು ಹಿಂದಿದ್ದೇವೆ ಅಂತ ಚಾಲಕರೇ ಹೇಳಿದರೂ ಜನ ನಂಬಲಿಲ್ಲ, ಶಕ್ತಿ ಬಚ್ಚಿಟ್ಟಿದ್ದಾರೆ ಅಂದರು. ನಾನೂ ಹಾಗೇ ಅಂದೆ. ಬುದ್ಧಿ ಎಲ್ಲಿ ಬರುತ್ತೆ? ಆ ವರ್ಷ ಅವರಿಗೆ ಸಿಕ್ಕಿದ್ದು ಒಂದೇ ಗೆಲುವು, ನವೆಂಬರ್‌ನಲ್ಲಿ, ಬ್ರೆಜಿಲ್‌ನಲ್ಲಿ, ರಸೆಲ್ ಕೈಯಲ್ಲಿ. 2009ರಲ್ಲಿ ಸತ್ಯವನ್ನು ನಾಟಕ ಅಂದೆವು, 2022ರಲ್ಲಿ ಕೂಡ ಸತ್ಯವನ್ನೇ ನಾಟಕ ಅಂದೆವು. ಸೋತವರು ಗೆಲ್ಲಲಾರರು, ಗೆದ್ದವರು ಸೋಲಲಾರರು ಅನ್ನೋ ನಂಬಿಕೆ ನಮ್ಮದು. ಟೆಸ್ಟಿಂಗ್ ಅಂಕಿಗಳನ್ನು ಅದಕ್ಕೆ ತಕ್ಕಂತೆ ಓದಿಕೊಳ್ಳುತ್ತೇವೆ.

ಹಾಳೆಯ ಫೋಟೋ ತೆಗೆದು ಇಬ್ಬರಿಗೂ ಕಳಿಸಿದೆ. ಮಂಗಳೂರಿನವ ನಗುವ ಮುಖ ಕಳಿಸಿದ. ದಾವಣಗೆರೆಯವ ರಾತ್ರಿ ಫೋನ್ ಮಾಡಿದ. ಈಗ ಅವನೇ ಒಂದು ಟೀಮಿಗೆ ಮ್ಯಾನೇಜರ್. ಆ ವಾರ ಅವನಿಗೂ ಮೇಲಿನಿಂದ ಒಂದು ಪಟ್ಟಿ ಬಂದಿದೆಯಂತೆ, ಟೀಮಿನಲ್ಲಿ ಯಾರ ಹೆಸರಿಗೆ ಗೀಟು ಎಳೀಬೇಕು ಅಂತ ಹೇಳು ಅಂತ. "ಎರಡು ದಿನ ಆತು, ಪೆನ್ನು ಹಿಡ್ಕೊಂಡು ಕುಂತೀನಿ" ಅಂದ. ಆಮೇಲೆ ಮಾತು ಬೇರೆ ಕಡೆ ಹೋಯಿತು.

ಹಾಳೆಯನ್ನು ಹೊಸ ಮನೆಯ ಡ್ರಾಯರ್‌ನಲ್ಲಿ ಇಟ್ಟಿದ್ದೇನೆ. ನಿಮ್ಮಲ್ಲಿ ಯಾರಾದರೂ ಹೀಗೆ ರೇಸಿಗೋ, ಕ್ರಿಕೆಟ್ಟಿಗೋ ಪಂಚಾಂಗ ಬರೆದು ಮುಖಭಂಗ ಅನುಭವಿಸಿದ್ದರೆ ಖಂಡಿತ ತಿಳಿಸಿ. ಒಬ್ಬನೇ ಪೆದ್ದನಾಗಿರುವುದು ಬೇಜಾರು :-)